ಹರಳಿನ ಒಳಗೆ ನೋಡಿ ಔಷಧದ ಘನರೂಪ ಆರಿಸುವುದು ಹೇಗೆ? ಧಾರವಾಡದಿಂದ ಒಂದು ಸಮಗ್ರ ಮಾರ್ಗದರ್ಶಿ

ಜೂನ್ ಬಂತೆಂದರೆ ಧಾರವಾಡದ ಅಡುಗೆಮನೆಗಳಲ್ಲಿ ಉಪ್ಪಿನ ಡಬ್ಬಿ ಒದ್ದೆಯಾಗುತ್ತದೆ. ಬೆಲ್ಲ ಒಸರುತ್ತದೆ. ಅದೇ ಹವಾ ಲ್ಯಾಬಿನ ಒಳಗೂ ಬರುತ್ತದೆ. ನನಗೆ ಹರಳಿನ ಪಾಠ ಕಲಿಸಿದ್ದು ಅಂಥದ್ದೇ ಒಂದು ಮಳೆಗಾಲ.

ಆ ವರ್ಷ ಏಪ್ರಿಲ್‌ನಲ್ಲಿ ಒಂದು ಔಷಧವನ್ನು ಮೆಥನಾಲ್‌ನಲ್ಲಿ ಕರಗಿಸಿದ್ದೆ. ಸಣ್ಣ ಬಾಟಲಿಯ ಬಾಯಿಗೆ ಫಾಯಿಲ್ ಸುತ್ತಿ, ಸೂಜಿಯಿಂದ ನಾಲ್ಕು ತೂತು ಮಾಡಿ ಇಟ್ಟಿದ್ದೆ. ಒಂದು ವಾರದಲ್ಲಿ ದಪ್ಪ ದಪ್ಪ ಹರಳು ಬಂದವು. ಆಗಸ್ಟ್‌ನಲ್ಲಿ ಮತ್ತೆ ಅದೇ ಔಷಧ, ಅದೇ ಮೆಥನಾಲ್, ಅಂಥದ್ದೇ ಬಾಟಲಿ. ಈ ಸಲ ಬಂದದ್ದು ಕೂದಲೆಳೆಯಂಥ ಸೂಜಿಗಳು. ಔಷಧವೇ ಕೆಟ್ಟಿದೆ ಅಂದುಕೊಂಡು ಮೂರು ವಾರ ಅದನ್ನು ಶುದ್ಧ ಮಾಡುತ್ತ ಕೂತೆ. ಕಡೆಗೆ ಎಕ್ಸ್-ರೇ ಮಾಡಿಸಿದಾಗ ಗೊತ್ತಾಯಿತು. ಮೆಥನಾಲ್ ಮಳೆಗಾಲದ ಗಾಳಿಯಿಂದ ನೀರು ಎಳೆದುಕೊಂಡಿತ್ತು. ಆ ನೀರು ಹರಳಿನೊಳಗೆ ಮನೆ ಮಾಡಿತ್ತು. ಬಂದದ್ದು ಹೈಡ್ರೇಟ್.

ಬೇಜಾರಾದದ್ದು ಬೇರೆ ಕಾರಣಕ್ಕೆ. ಏಪ್ರಿಲ್‌ನ ಹರಳಿನ ರಚನೆ ಅಷ್ಟೊತ್ತಿಗಾಗಲೇ ನನ್ನ ಲ್ಯಾಪ್‌ಟಾಪ್‌ನಲ್ಲಿ ಇತ್ತು. ಅದರಲ್ಲಿ ಒಂದು ಎನ್–ಎಚ್ ಗುಂಪು ಯಾರ ಕೈಯನ್ನೂ ಹಿಡಿಯದೆ, ಅಂದರೆ ಹೈಡ್ರೋಜನ್ ಬಂಧ ಕಟ್ಟದೆ, ಒಂಟಿಯಾಗಿ ನಿಂತಿತ್ತು. ಅದನ್ನು ಕಣ್ಣುಬಿಟ್ಟು ನೋಡಿದ್ದರೆ, ನೀರು ಬಂದು ಆ ಕೈ ಹಿಡಿಯಬಹುದು ಎಂಬ ಅನುಮಾನ ಮೊದಲೇ ಬರುತ್ತಿತ್ತು. ನಾನು ಚಿತ್ರ ತೆಗೆದು ವರದಿಗೆ ಅಂಟಿಸಿ ಸುಮ್ನೆ ಇದ್ದುಬಿಟ್ಟಿದ್ದೆ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಫಾರ್ಮಸಿ ಅಥವಾ ಕೆಮಿಸ್ಟ್ರಿ ಓದುತ್ತಿರುವವರಿಗೆ, ಈಗಷ್ಟೇ ಫಾರ್ಮುಲೇಶನ್ ವಿಭಾಗದಲ್ಲಿ ಕೆಲಸಕ್ಕೆ ಸೇರಿದವರಿಗೆ ಇದನ್ನು ಬರೆಯುತ್ತಿದ್ದೇನೆ. ದೊಡ್ಡ ಉಪಕರಣ ಬೇಕಿಲ್ಲ. ಒಂದು ಲ್ಯಾಪ್‌ಟಾಪ್, ಇಂಟರ್ನೆಟ್, ತಾಳ್ಮೆ ಇದ್ದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಆಗುತ್ತದೆ.

ಮೊದಲು ಒಂದು ಗೊಂದಲ ಬಿಡಿಸೋಣ

ಪಾಠ ಮಾಡುವಾಗ ಪಾಲಿಮಾರ್ಫ್ ಎಂದರೇನು ಅಂತ ಕೇಳಿದರೆ ಯಾರಾದರೊಬ್ಬರು "ಸಕ್ಕರೆ ಮತ್ತು ಕಲ್ಲುಸಕ್ಕರೆ ಇದ್ದ ಹಾಗೆ, ಸರ್" ಅನ್ನುತ್ತಾರೆ. ಅದು ತಪ್ಪು. ಸಕ್ಕರೆ, ಕಲ್ಲುಸಕ್ಕರೆ ಎರಡರ ಒಳಗೂ ಅಣುಗಳು ಕೂತಿರುವ ಕ್ರಮ ಒಂದೇ. ಗಾತ್ರ ಮಾತ್ರ ಬೇರೆ. ಅಣು ಅದೇ ಇದ್ದು, ಕೂರುವ ಕ್ರಮ ಬೇರೆಯಾದಾಗ ಅದು ಪಾಲಿಮಾರ್ಫ್. ಅದೇ ಇಟ್ಟಿಗೆಯಿಂದ ಎರಡು ಥರದ ಗೋಡೆ ಕಟ್ಟಿದಂತೆ. ಅಣುವಿನ ಜೊತೆ ನೀರು ಸೇರಿ ಕೂತರೆ ಹೈಡ್ರೇಟ್. ಆಮ್ಲ ತನ್ನ ಪ್ರೋಟಾನನ್ನು ಪ್ರತ್ಯಾಮ್ಲಕ್ಕೆ ಬಿಟ್ಟುಕೊಟ್ಟು ಕೂತರೆ ಸಾಲ್ಟ್. ಪ್ರೋಟಾನ್ ಕೊಡದೆ, ಬರೀ ಕೈ ಹಿಡಿದು ಇನ್ನೊಂದು ಪದಾರ್ಥದ ಜೊತೆ ಕೂತರೆ ಕೋ-ಕ್ರಿಸ್ಟಲ್. ಗುಳಿಗೆ ಮಾಡುವ ಮೊದಲು ಇವುಗಳಲ್ಲಿ ಒಂದನ್ನು ಆರಿಸಬೇಕು.

ತಪ್ಪಿ ಆರಿಸಿದರೆ ಏನಾಗುತ್ತದೆ ಎಂಬುದಕ್ಕೆ ರಿಟೊನಾವಿರ್ ಸಾಕ್ಷಿ. ಎಚ್‌ಐವಿಗೆ ಕೊಡುವ ಈ ಔಷಧ 1996ರಲ್ಲಿ ಮಾರುಕಟ್ಟೆಗೆ ಬಂತು. 1998ರಲ್ಲಿ ಇದ್ದಕ್ಕಿದ್ದಂತೆ ಕ್ಯಾಪ್ಸೂಲ್‌ಗಳು ಕರಗುವ ಪರೀಕ್ಷೆಯಲ್ಲಿ ಫೇಲ್ ಆಗತೊಡಗಿದವು. ಯಾರಿಗೂ ಗೊತ್ತಿರದಿದ್ದ ಎರಡನೇ ರೂಪ ಹುಟ್ಟಿತ್ತು. ಅದು ಜಾಸ್ತಿ ಸ್ಥಿರ. ಆದ್ದರಿಂದಲೇ ಕರಗುವುದು ಕಡಿಮೆ. ಕಂಪನಿ ಆ ಕ್ಯಾಪ್ಸೂಲನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಆಗ ಈ ಔಷಧವನ್ನೇ ನಂಬಿ ಬದುಕಿದ್ದ ರೋಗಿಗಳು ಇದ್ದರು ಎಂಬುದನ್ನು ಮರೆಯಬಾರದು. ಈ ರಿಟೊನಾವಿರ್‌ನ ಮಾತಿಗೆ ಮತ್ತೆ ಬರುತ್ತೇನೆ.

ಹೆಜ್ಜೆ 1: ರಚನೆಯ ಫೈಲ್ ತರುವುದು

ಹರಳಿನ ರಚನೆ ಸಿಗುವುದು ಸಿಫ್ ಎಂಬ ಫೈಲ್‌ನಲ್ಲಿ. ಅದು ಬರೀ ಅಕ್ಷರ, ಅಂಕಿಗಳ ಫೈಲ್. ನೋಟ್‌ಪ್ಯಾಡ್‌ನಲ್ಲೂ ತೆರೆಯುತ್ತದೆ. ಇಂಥ ರಚನೆಗಳ ದೊಡ್ಡ ಭಂಡಾರ ಕೇಂಬ್ರಿಜ್ ಸ್ಟ್ರಕ್ಚರಲ್ ಡೇಟಾಬೇಸ್. ಓಲ್ಗಾ ಕೆನಾರ್ಡ್ ಅವರು 1965ರಲ್ಲಿ ಕಟ್ಟಲು ಶುರುಮಾಡಿದ ಈ ಭಂಡಾರ 2019ರಲ್ಲಿ 10 ಲಕ್ಷ ರಚನೆ ದಾಟಿತು. ಇದನ್ನು ಪೂರ್ತಿ ಬಳಸಲು ಲೈಸೆನ್ಸ್ ಬೇಕು. ಆದರೆ ಒಂದೊಂದೇ ರಚನೆಯನ್ನು ಅವರ ಆಕ್ಸೆಸ್ ಸ್ಟ್ರಕ್ಚರ್ಸ್ ಪುಟದಿಂದ ಹಣ ಕೊಡದೆ ಇಳಿಸಿಕೊಳ್ಳಬಹುದು. ಕ್ರಿಸ್ಟಲೋಗ್ರಫಿ ಓಪನ್ ಡೇಟಾಬೇಸ್ ಎಂಬ ಇನ್ನೊಂದಿದೆ. ಅದು ಪೂರ್ತಿ ಮುಕ್ತ. ಫೈಲ್ ನೋಡಲು ಮರ್ಕ್ಯುರಿ ಎಂಬ ತಂತ್ರಾಂಶ ಹಾಕಿಕೊಳ್ಳಿ. ಅದರ ಉಚಿತ ಆವೃತ್ತಿಯಲ್ಲೇ ನಮಗೆ ಬೇಕಾದ ಬಹುಪಾಲು ಕೆಲಸ ನಡೆಯುತ್ತದೆ.

ಕೇಂಬ್ರಿಜ್ ಭಂಡಾರದಲ್ಲಿ ಪ್ರತಿ ಪದಾರ್ಥಕ್ಕೂ ಆರು ಅಕ್ಷರದ ಗುರುತು ಇರುತ್ತದೆ. ಪ್ಯಾರಾಸಿಟಮಾಲ್‌ನದು ಎಚ್-ಎಕ್ಸ್-ಎ-ಸಿ-ಎ-ಎನ್. ಅದರ ಮುಂದೆ ಎರಡು ಅಂಕಿ ಬರುತ್ತವೆ. ಒಂದು ಎಚ್ಚರಿಕೆ: ಅಂಕಿ ಬೇರೆಯಾದ ಮಾತ್ರಕ್ಕೆ ರೂಪ ಬೇರೆ ಅಂತ ಅಲ್ಲ. ಅದೇ ರೂಪವನ್ನು ಬೇರೆ ಉಷ್ಣಾಂಶದಲ್ಲಿ ಅಳೆದರೂ ಹೊಸ ಅಂಕಿ ಸಿಗುತ್ತದೆ. ಆದ್ದರಿಂದ ಆ ಗುರುತಿನಡಿ ಇರುವ ಎಲ್ಲ ಫೈಲ್‌ಗಳನ್ನೂ ಇಳಿಸಿಕೊಂಡು ಒಂದು ಪಟ್ಟಿ ಮಾಡಿ. ರೂಪ, ಸ್ಪೇಸ್ ಗ್ರೂಪ್ (ಅಣುಗಳ ಜೋಡಣೆಯ ಸಮರೂಪತೆಯ ಗುರುತು), ಉಷ್ಣಾಂಶ, ಯೂನಿಟ್ ಸೆಲ್‌ನ (ಹರಳಿನಲ್ಲಿ ಮತ್ತೆ ಮತ್ತೆ ಬರುವ ಸಣ್ಣ ಪೆಟ್ಟಿಗೆಯ) ಗಾತ್ರ, ಆರ್ ಬೆಲೆ (ರಚನೆ ಅಳತೆಗೆ ಎಷ್ಟು ಹೊಂದುತ್ತದೆ ಎಂದು ಹೇಳುವ ಅಂಕಿ), ಇಷ್ಟು ಕಾಲಂ ಸಾಕು.

ನಿಮ್ಮ ಪದಾರ್ಥ ಹೊಸದಾಗಿದ್ದು, ರಚನೆ ಎಲ್ಲೂ ಇಲ್ಲದಿದ್ದರೆ ಹರಳು ಬೆಳೆಸಿ ಅಳೆಸಬೇಕು. ಕರ್ನಾಟಕ ವಿಶ್ವವಿದ್ಯಾಲಯದ ಉಪಕರಣ ಕೇಂದ್ರವನ್ನು ಮೊದಲು ವಿಚಾರಿಸಿ. ಯಾವ ಯಂತ್ರ ನಡೆಯುತ್ತಿದೆ, ದರ ಎಷ್ಟು ಎಂದು ಕೇಳಿಕೊಂಡೇ ಹರಳು ಒಯ್ಯಿರಿ. ಹರಳನ್ನು ಒಣಗಿಸಿ ಒಯ್ಯಬೇಡಿ. ಅದು ಬೆಳೆದ ದ್ರಾವಣದ ಸಮೇತ ಒಯ್ಯಿರಿ. ಒಣಗಿದರೆ ಒಳಗಿನ ನೀರೋ ದ್ರಾವಕವೋ ಹಾರಿಹೋಗಿ ಹರಳು ಪುಡಿಯಾಗಬಹುದು.

ಹೆಜ್ಜೆ 2: ಫೈಲನ್ನು ನಂಬಬಹುದೇ?

ಸುಮಾರು ಜನ ಈ ಹೆಜ್ಜೆ ಹಾರಿಬಿಡುತ್ತಾರೆ. ಹಾರಬೇಡಿ, ಹತ್ತು ನಿಮಿಷದ ಕೆಲಸ.

ಆರ್ ಬೆಲೆ ನೋಡಿ. ಶೇ 5ರ ಒಳಗಿದ್ದರೆ ಒಳ್ಳೆಯದು. ಶೇ 10 ದಾಟಿದ್ದರೆ ಅಳತೆಗಳನ್ನು ಅನುಮಾನದಿಂದಲೇ ನೋಡಬೇಕು. ಡಿಸಾರ್ಡರ್ ಇದೆ ಎಂದು ಬರೆದಿದ್ದರೆ ಅಣುವಿನ ಯಾವ ಭಾಗ ಎರಡು ಕಡೆ ಕೂತಿದೆ ಎಂದು ಗುರುತು ಹಾಕಿಕೊಳ್ಳಿ.

ಆಮೇಲೆ ಒಂದು ಸಣ್ಣ ಲೆಕ್ಕ. ಯೂನಿಟ್ ಸೆಲ್‌ನ ಗಾತ್ರವನ್ನು ಅದರೊಳಗಿನ ಅಣುಗಳ ಸಂಖ್ಯೆಯಿಂದ ಭಾಗಿಸಿ. ಬಂದದ್ದನ್ನು ಹೈಡ್ರೋಜನ್ ಬಿಟ್ಟು ಉಳಿದ ಪರಮಾಣುಗಳ ಸಂಖ್ಯೆಯಿಂದ ಭಾಗಿಸಿ. ಸಾವಯವ ಹರಳಿನಲ್ಲಿ ಉತ್ತರ 18 ಘನ ಆಂಗ್‌ಸ್ಟ್ರಾಮ್‌ನ ಆಚೀಚೆ ಇರುತ್ತದೆ. ಪ್ಯಾರಾಸಿಟಮಾಲ್‌ನ ಮೊದಲ ರೂಪದ ಸೆಲ್ ಕೋಣೆಯ ಉಷ್ಣಾಂಶದಲ್ಲಿ ಸುಮಾರು 776 ಘನ ಆಂಗ್‌ಸ್ಟ್ರಾಮ್. ಒಳಗೆ ನಾಲ್ಕು ಅಣು. ಒಂದು ಅಣುವಿಗೆ 194. ಹೈಡ್ರೋಜನ್ ಅಲ್ಲದ ಪರಮಾಣು 11. ಭಾಗಿಸಿದರೆ 17.6. ಸರಿಯಾಗಿದೆ. ನಿಮ್ಮ ಫೈಲ್‌ನಲ್ಲಿ 21, 22 ಬಂತು ಅಂದರೆ ಒಳಗೆ ಲೆಕ್ಕಕ್ಕೆ ಸಿಗದ ದ್ರಾವಕ ಇರಬಹುದು.

ಸಾಂದ್ರತೆಯನ್ನೂ ನೀವೇ ತೆಗೆಯಿರಿ. ಅಣುತೂಕವನ್ನು ಅಣುಗಳ ಸಂಖ್ಯೆಯಿಂದ ಗುಣಿಸಿ, ಸೆಲ್ ಗಾತ್ರ ಮತ್ತು 0.6022ರ ಗುಣಲಬ್ಧದಿಂದ ಭಾಗಿಸಿ. ಪ್ಯಾರಾಸಿಟಮಾಲ್ ಅಣುತೂಕ 151.16. ಲೆಕ್ಕ ಹಾಕಿದರೆ ಘನ ಸೆಂ.ಮೀ.ಗೆ 1.29 ಗ್ರಾಂ ಬರುತ್ತದೆ. ಎರಡನೇ ರೂಪಕ್ಕೆ ಹೀಗೇ ಮಾಡಿದರೆ 1.34. ಈ ಎರಡು ಅಂಕಿಯಲ್ಲಿ ಎರಡು ಪಾಠ ಇವೆ.

ಒಂದನೆಯದು ಉಷ್ಣಾಂಶದ್ದು. ಈಗಿನ ಅಳತೆಗಳು ಬಹಳಷ್ಟು 100 ಕೆಲ್ವಿನ್ ಹತ್ತಿರ, ಅಂದರೆ ಸೊನ್ನೆಗಿಂತ 173 ಡಿಗ್ರಿ ಕೆಳಗೆ ನಡೆಯುತ್ತವೆ. ಚಳಿಗೆ ಹರಳು ಕುಗ್ಗುತ್ತದೆ. ಮೊದಲ ರೂಪವನ್ನೇ ಅಷ್ಟು ತಂಪಿನಲ್ಲಿ ಅಳೆದರೆ ಸಾಂದ್ರತೆ 1.33ರ ಹತ್ತಿರ ಬರುತ್ತದೆ. ಒಂದು ರೂಪದ ತಂಪಿನ ಫೈಲನ್ನು ಇನ್ನೊಂದರ ಬೆಚ್ಚನೆಯ ಫೈಲ್ ಜೊತೆ ಹೋಲಿಸಿದರೆ ಇರುವ ವ್ಯತ್ಯಾಸವೇ ಮಾಯ. ಒಂದೇ ಉಷ್ಣಾಂಶದ ಫೈಲ್‌ಗಳನ್ನು ಮಾತ್ರ ಹೋಲಿಸಿ.

ಎರಡನೆಯದು ಇನ್ನೂ ಮುಖ್ಯ. ಒತ್ತಾಗಿ ಕೂತ ರೂಪವೇ ಸ್ಥಿರ ಎಂದು ಪುಸ್ತಕದಲ್ಲಿ ಒಂದು ನಿಯಮ ಇದೆ. ಬರ್ಗರ್ ಮತ್ತು ರಾಂಬರ್ಗರ್ 1979ರಲ್ಲಿ ಕೊಟ್ಟ ನಿಯಮಗಳಲ್ಲಿ ಅದೂ ಒಂದು. ಪ್ಯಾರಾಸಿಟಮಾಲ್ ಅದನ್ನು ಪಾಲಿಸುವುದಿಲ್ಲ. ಒತ್ತಾಗಿರುವುದು ಎರಡನೇ ರೂಪ. ಸ್ಥಿರವಾಗಿರುವುದು ಮೊದಲನೆಯದು. ಸಾಂದ್ರತೆ ಸುಳಿವು ಕೊಡುತ್ತದೆ, ತೀರ್ಪು ಕೊಡುವುದಿಲ್ಲ.

ಹೆಜ್ಜೆ 3: ಯಾರು ಯಾರ ಕೈ ಹಿಡಿದಿದ್ದಾರೆ?

ನನ್ನ ಅನುಭವದಲ್ಲಿ ಇಡೀ ಕೆಲಸದ ಜೀವ ಇಲ್ಲಿದೆ. ಅರ್ಧ ದಿನ ಇದಕ್ಕೇ ಕೊಡಿ.

ಮೊದಲು ಕಂಪ್ಯೂಟರ್ ಮುಚ್ಚಿ, ಹಾಳೆಯ ಮೇಲೆ ಅಣು ಬರೆಯಿರಿ. ಹೈಡ್ರೋಜನ್ ಕೊಡುವ ಗುಂಪುಗಳಿಗೆ, ಅಂದರೆ ಓ–ಎಚ್, ಎನ್–ಎಚ್‌ಗಳಿಗೆ, ಕೆಂಪು ಗುರುತು ಹಾಕಿ. ಅದನ್ನು ತೆಗೆದುಕೊಳ್ಳುವ ಆಕ್ಸಿಜನ್, ನೈಟ್ರೋಜನ್‌ಗಳಿಗೆ ನೀಲಿ ಗುರುತು. ಈಗ ಯಾವುದು ಯಾವುದರ ಕೈ ಹಿಡಿಯಬೇಕು ಎಂದು ನೀವೇ ಊಹಿಸಿ. ಇದಕ್ಕೆ ಮಾರ್ಗರೆಟ್ ಎಟ್ಟರ್ 1990ರಲ್ಲಿ ಕೊಟ್ಟ ನಿಯಮಗಳು ಇಂದಿಗೂ ಒಳ್ಳೆಯ ದಾರಿ. ಒಳ್ಳೆಯ ಕೊಡುವವರು, ತೆಗೆದುಕೊಳ್ಳುವವರು ಎಲ್ಲರೂ ಬಳಕೆಯಾಗುತ್ತಾರೆ. ಅಣುವಿನೊಳಗೇ ಆರು ಪರಮಾಣುಗಳ ಉಂಗುರ ಆಗುವಂತಿದ್ದರೆ ಅದು ಮೊದಲು ಆಗುತ್ತದೆ. ಉಳಿದವರಲ್ಲಿ ಅತಿ ಒಳ್ಳೆಯ ಕೊಡುವವನು ಅತಿ ಒಳ್ಳೆಯ ತೆಗೆದುಕೊಳ್ಳುವವನ ಜೊತೆ ಸೇರುತ್ತಾನೆ.

ಊಹೆ ಬರೆದಾದ ಮೇಲೆ ಮರ್ಕ್ಯುರಿ ತೆರೆಯಿರಿ. ಹೈಡ್ರೋಜನ್ ಬಂಧ ತೋರಿಸುವ ಗುಂಡಿ ಒತ್ತಿ. ಪ್ರತಿ ಬಂಧದ ಉದ್ದ, ಕೋನ ಬರೆದುಕೊಳ್ಳಿ. ಎರಡು ಆಕ್ಸಿಜನ್ ನಡುವೆ 2.6ರಿಂದ 2.8 ಆಂಗ್‌ಸ್ಟ್ರಾಮ್, ನೈಟ್ರೋಜನ್ ಮತ್ತು ಆಕ್ಸಿಜನ್ ನಡುವೆ 2.8ರಿಂದ 3.0 ಇದ್ದು, ಕೋನ 150 ಡಿಗ್ರಿಗಿಂತ ಜಾಸ್ತಿ ಇದ್ದರೆ ಅದು ಗಟ್ಟಿ ಹಿಡಿತ. ಎಕ್ಸ್-ರೇಗೆ ಹೈಡ್ರೋಜನ್ ಸರಿಯಾಗಿ ಕಾಣುವುದಿಲ್ಲ. ಅದು ತಾನು ಅಂಟಿರುವ ಪರಮಾಣುವಿಗೆ ಇರುವುದಕ್ಕಿಂತ ಹತ್ತಿರ ಕೂತಂತೆ ತೋರಿಸುತ್ತದೆ. ಆದ್ದರಿಂದ ಹೈಡ್ರೋಜನ್‌ನಿಂದ ಅಳೆಯುವ ಬದಲು ಭಾರದ ಪರಮಾಣುಗಳ ನಡುವಿನ ದೂರವನ್ನೇ ನಂಬಿ.

ಈಗ ಊಹೆಯನ್ನೂ ರಚನೆಯನ್ನೂ ಪಕ್ಕಪಕ್ಕ ಇಡಿ. ಎರಡೂ ಹೊಂದಿದರೆ ಸಮಾಧಾನ. ಹೊಂದದಿದ್ದರೆ ಅಲ್ಲೇ ನಿಲ್ಲಿ. ಒಂಟಿ ಕೈ ಇದೆಯಾ? ಬಲವಾದ ಕೊಡುವವನು ದುರ್ಬಲ ಜೊತೆಗಾರನನ್ನು ಹಿಡಿದು ಕೂತಿದ್ದಾನಾ? ಹಾಗಿದ್ದರೆ ಇದಕ್ಕಿಂತ ಒಳ್ಳೆಯ ಜೋಡಣೆ ಎಲ್ಲೋ ಇರಬಹುದು ಎಂದರ್ಥ.

ರಿಟೊನಾವಿರ್‌ನಲ್ಲಿ ಆದದ್ದೂ ಹೆಚ್ಚುಕಡಿಮೆ ಇದೇ. ಮೊದಲ ರೂಪದಲ್ಲಿ ಹಿಡಿತಗಳು ಅಷ್ಟು ಚೆನ್ನಾಗಿ ಹೊಂದಿರಲಿಲ್ಲ. ಎರಡನೇ ರೂಪದಲ್ಲಿ ಅಣು ತನ್ನ ಕಾರ್ಬಮೇಟ್ ಭಾಗವನ್ನು ಅಪರೂಪದ ಭಂಗಿಗೆ ತಿರುಗಿಸಿಕೊಂಡಿತು. ಆ ಭಂಗಿ ಅಣುವಿಗೆ ಕಷ್ಟದ್ದು. ಆದರೆ ಅದರಿಂದ ಗಟ್ಟಿ ಕೈಗಳಿಗೆಲ್ಲ ಒಳ್ಳೆಯ ಜೊತೆ ಸಿಕ್ಕಿತು. ಭಂಗಿ ಕಷ್ಟವಾದ್ದರಿಂದಲೇ ಅದು ಹುಟ್ಟಲು ತಡವಾಯಿತು. ಮುಂದೆ ಸಂಶೋಧಕರು ಭಂಡಾರದ ರಚನೆಗಳ ಅಂಕಿ ಹಿಡಿದು ಹಿಂದಿರುಗಿ ನೋಡಿದಾಗ, ಮೊದಲ ರೂಪದ ಹಿಡಿತಗಳು ಅಪರೂಪದವು ಎಂದು ಲೆಕ್ಕವೇ ತೋರಿಸಿತು.

ಅಂಥ ಅಂಕಿಅಂಶದ ಸಾಧನಗಳು ಕೇಂಬ್ರಿಜ್ ಭಂಡಾರದ ಲೈಸೆನ್ಸ್ ಇದ್ದವರಿಗೆ ಸಿಗುತ್ತವೆ. ಮೊಗುಲ್ ಎಂಬುದು ಬಂಧದ ಉದ್ದ, ಕೋನ, ತಿರುವು ಮಾಮೂಲಿಯೋ ಅಪರೂಪವೋ ಎಂದು ಹೇಳುತ್ತದೆ. ಹೈಡ್ರೋಜನ್ ಬಂಧದ ಸಾಧ್ಯತೆ ಲೆಕ್ಕ ಹಾಕುವ ಸಾಧನವೂ ಇದೆ. ನಿಮ್ಮ ಕಾಲೇಜಿನಲ್ಲಿ ಲೈಸೆನ್ಸ್ ಇದ್ದರೆ ಖಂಡಿತ ಬಳಸಿ. ಇಲ್ಲದಿದ್ದರೆ ಕೊರಗಬೇಡಿ. ಕೆಂಪು-ನೀಲಿ ಪೆನ್ಸಿಲ್‌ನ ಹಾಳೆ ಬಹಳ ದೂರ ಕರೆದೊಯ್ಯುತ್ತದೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ರಚನೆ ಅಪಾಯವನ್ನು ತೋರಿಸಬಲ್ಲದು. ಅಪಾಯ ಇಲ್ಲ ಎಂಬ ಗ್ಯಾರಂಟಿ ಕೊಡಲಾರದು. ರೂಪಗಳ ನಡುವಿನ ಶಕ್ತಿಯ ವ್ಯತ್ಯಾಸ ಬಹಳ ಸಲ ಒಂದು ಮೋಲ್‌ಗೆ ಎರಡು ಮೂರು ಕಿಲೋಜೂಲ್ ಮಾತ್ರ. ಚಿತ್ರ ನೋಡಿ ಅಷ್ಟು ಸಣ್ಣ ವ್ಯತ್ಯಾಸ ಹೇಳಲು ಯಾರಿಂದಲೂ ಆಗುವುದಿಲ್ಲ.

ಹೆಜ್ಜೆ 4: ಪದರಗಳು ಜಾರುತ್ತವಾ?

ಗುಳಿಗೆ ಒತ್ತುವವರಿಗೆ ಈ ಹೆಜ್ಜೆ. ಮತ್ತೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ. ಎರಡೂ ರೂಪದಲ್ಲಿ ಕೈ ಹಿಡಿತ ಒಂದೇ. ಓ–ಎಚ್ ಹೋಗಿ ಕಾರ್ಬೊನಿಲ್ ಆಕ್ಸಿಜನ್ ಹಿಡಿಯುತ್ತದೆ. ಎನ್–ಎಚ್ ಹೋಗಿ ಓ–ಎಚ್‌ನ ಆಕ್ಸಿಜನ್ ಹಿಡಿಯುತ್ತದೆ. ಬರೀ ಮೂರನೇ ಹೆಜ್ಜೆ ಮಾಡಿ ನಿಲ್ಲಿಸಿದರೆ ಎರಡೂ ಒಂದೇ ಅನಿಸುತ್ತದೆ.

ಈಗ ಪ್ಯಾಕಿಂಗ್ ಚಿತ್ರವನ್ನು ತಿರುಗಿಸಿ, ಪದರಗಳನ್ನು ಅಂಚಿನಿಂದ ನೋಡಿ. ಮೊದಲ ರೂಪದಲ್ಲಿ ಪದರಗಳು ಮಡಿಕೆ ಮಡಿಕೆಯಾಗಿ ಇವೆ. ಮಾಳಿಗೆಗೆ ಹೊದಿಸುವ ಅಲೆಯ ತಗಡಿನ ಹಾಗೆ. ಒಂದರ ಮೇಲೊಂದು ಇಟ್ಟರೆ ಮಡಿಕೆಯಲ್ಲಿ ಮಡಿಕೆ ಸಿಕ್ಕಿಕೊಳ್ಳುತ್ತದೆ, ಅಡ್ಡಕ್ಕೆ ಜಾರುವುದಿಲ್ಲ. ಎರಡನೇ ರೂಪದಲ್ಲಿ ಪದರಗಳು ಚಪ್ಪಟೆ. ನಮ್ಮ ಕಡೆ ಖಡಕ್ ರೊಟ್ಟಿ ಒಟ್ಟಿದಂತೆ. ಮೇಲಿನದನ್ನು ಬೆರಳಿನಿಂದ ತಳ್ಳಿದರೆ ಜಾರುತ್ತದೆ.

ಗುಳಿಗೆ ಯಂತ್ರದ ಪಂಚ್ ಬಂದು ಪುಡಿಯ ಮೇಲೆ ಬಿದ್ದಾಗ ಜಾರುವ ಪದರ ಇದ್ದರೆ ಹರಳು ಬಾಗಿ, ಹರಡಿ, ಪಕ್ಕದ ಕಣಕ್ಕೆ ಅಂಟಿಕೊಳ್ಳುತ್ತದೆ. ಜಾರದಿದ್ದರೆ ಒತ್ತಡ ತೆಗೆದ ಕೂಡಲೇ ಹಿಂದಕ್ಕೆ ಚಿಮ್ಮುತ್ತದೆ. ಗುಳಿಗೆಯ ತಲೆ ಹಾರುತ್ತದೆ. ಪ್ಯಾರಾಸಿಟಮಾಲ್ ಗುಳಿಗೆಗೆ ಬೈಂಡರ್ (ಪುಡಿಯನ್ನು ಅಂಟಿಸುವ ಪದಾರ್ಥ) ಹಾಕಿ ಗ್ರ್ಯಾನ್ಯೂಲ್ (ಸಣ್ಣ ಕಾಳು) ಮಾಡುವ ಕಷ್ಟ ಬಂದದ್ದು ಇದರಿಂದಲೇ. ಎರಡನೇ ರೂಪವನ್ನು ನೇರವಾಗಿ ಒತ್ತಬಹುದು. ಆದರೂ ಕಂಪನಿಗಳು ಮೊದಲನೆಯದನ್ನೇ ಬಳಸುತ್ತವೆ. ಅದು ಸ್ಥಿರ, ಬೇಕಾದಷ್ಟು ಮಾಡಬಹುದು, ಇಟ್ಟಲ್ಲಿ ಬದಲಾಗುವುದಿಲ್ಲ. ಒತ್ತಲು ಸುಲಭ ಎಂಬ ಒಂದೇ ಕಾರಣಕ್ಕೆ ಅಸ್ಥಿರ ರೂಪ ಆರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಬೈಂಡರ್ ಹಾಕಿ ಸರಿಮಾಡಬಹುದಾದ ತೊಂದರೆಗಾಗಿ, ಸರಿಮಾಡಲಾಗದ ತೊಂದರೆಯನ್ನು ಮನೆಗೆ ಕರೆಯುವುದು ಬೇಡ.

ಇದೇ ಕೂತಲ್ಲಿ ಹರಳಿನ ಆಕಾರವನ್ನೂ ನೋಡಿಬಿಡಿ. ಮರ್ಕ್ಯುರಿಯಲ್ಲಿ, ರಚನೆಯಿಂದ ಆಕಾರ ಊಹಿಸುವ ಬಿಎಫ್‌ಡಿಎಚ್ ಲೆಕ್ಕ ಇದೆ. ಅದು ಸೂಜಿ ಎಂದು ತೋರಿಸಿದರೆ ಸೋಸುವವರಿಗೆ, ಹಾಪರ್ ತುಂಬುವವರಿಗೆ ಮೊದಲೇ ಹೇಳಿಡಿ.

ಹೆಜ್ಜೆ 5: ನೀರು ಎಲ್ಲಿ ಕೂತಿದೆ, ಎಲ್ಲಿ ಕೂರಬಹುದು?

ಹೈಡ್ರೇಟ್‌ನ ಫೈಲ್ ಸಿಕ್ಕರೆ ನೀರಿನ ಅಣುಗಳನ್ನು ಮಾತ್ರ ಬೇರೆ ಬಣ್ಣ ಮಾಡಿ. ಮೂರೂ ಅಕ್ಷದಿಂದ ನೋಡಿ. ನೀರು ಒಂದರ ಹಿಂದೊಂದು ಸಾಲಾಗಿ, ಕೊಳವೆಯಲ್ಲಿ ಹರಿದಂತೆ ಕಂಡರೆ ಅದು ಚಾನೆಲ್ ಹೈಡ್ರೇಟ್. ಆಸ್ತಮಾಗೆ ಕೊಡುವ ಥಿಯೋಫಿಲಿನ್‌ನ ಹೈಡ್ರೇಟ್ ಇಂಥದ್ದು. ಕೊಳವೆಯ ಬಾಯಿ ಹರಳಿನ ಮೈಯಲ್ಲಿ ತೆರೆದಿರುತ್ತದೆ. ಒಣ ಹವೆಯಲ್ಲಿ ನೀರು ಆ ದಾರಿಯಿಂದ ಹೊರಟುಹೋಗುತ್ತದೆ. ನೀರು ಔಷಧದ ಅಣುಗಳ ನಡುವೆ ಬೇರೆ ಬೇರೆ ಗೂಡಿನಲ್ಲಿ ಕೂತಿದ್ದರೆ ಹೊರಡುವುದು ಕಷ್ಟ. ಲೋಹದ ಅಯಾನನ್ನು ಹಿಡಿದು ಕೂತಿದ್ದರೆ ಇನ್ನೂ ಕಷ್ಟ. ಅನುಮಾನ ಇದ್ದರೆ ಫೈಲ್‌ನಿಂದ ನೀರನ್ನು ಅಳಿಸಿ, 1.2 ಆಂಗ್‌ಸ್ಟ್ರಾಮ್ ತ್ರಿಜ್ಯದ ಗೋಲಿ ಇಟ್ಟು ಖಾಲಿ ಜಾಗ ಲೆಕ್ಕ ಹಾಕಿಸಿ. ಕೊಳವೆಯೋ ಗೂಡೋ ಎಂಬುದು ಚಿತ್ರದಲ್ಲೇ ಕಾಣುತ್ತದೆ.

ನೀರಿಲ್ಲದ ರೂಪ ಮಾತ್ರ ಇದ್ದರೆ ಒಂಟಿ ಕೈಗಳ ಪಟ್ಟಿಗೆ ವಾಪಸು ಹೋಗಿ. ಫಿಟ್ಸ್‌ಗೆ ಕೊಡುವ ಕಾರ್ಬಮಾಜೆಪಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಮಾಮೂಲಿ ರೂಪದಲ್ಲಿ ಎರಡೆರಡು ಅಣು ಅಮೈಡ್ ತುದಿಯಿಂದ ಎದುರುಬದುರು ಕೈ ಹಿಡಿದು ಜೋಡಿಯಾಗಿವೆ. ಆ ಜೋಡಿಯ ಹೊರಮೈಯಲ್ಲಿ ಒಂದೊಂದು ಎನ್–ಎಚ್ ಕೆಲಸವಿಲ್ಲದೆ ಉಳಿದಿದೆ. ದೊಡ್ಡ ಉಂಗುರಗಳು ಅಡ್ಡ ಬಂದು ಬೇರೆ ಜೋಡಿ ಹತ್ತಿರ ಬರಲು ಬಿಡುವುದಿಲ್ಲ. ಸಣ್ಣ ಅಣುವಾದ ನೀರು ನುಗ್ಗಬಲ್ಲದು. ಈ ಔಷಧದ ಪುಡಿಯನ್ನು ನೀರಿನಲ್ಲಿ ಕಲಕುತ್ತ ಇಟ್ಟರೆ ಅದು ಡೈಹೈಡ್ರೇಟ್ ಆಗುತ್ತದೆ. ತೇವದಲ್ಲಿಟ್ಟ ಕಾರ್ಬಮಾಜೆಪಿನ್ ಗುಳಿಗೆಗಳ ಪರಿಣಾಮ ಮೂರನೇ ಒಂದು ಭಾಗದಷ್ಟು ಇಳಿಯಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹಿಂದೆ ಎಚ್ಚರಿಸಿತ್ತು. ಗುಳಿಗೆಯನ್ನು ಬಚ್ಚಲುಮನೆಯ ಗೂಡಿನಲ್ಲಿ ಇಡುವವರು ನಮ್ಮಲ್ಲೂ ಇದ್ದಾರೆ, ಅಲ್ವಾ?

ಆದ್ದರಿಂದ ಒಂಟಿ ಕೈ ಕಂಡರೆ ಎರಡು ಪ್ರಶ್ನೆ ಬರೆದುಕೊಳ್ಳಿ. ವೆಟ್ ಗ್ರ್ಯಾನ್ಯುಲೇಶನ್‌ನಲ್ಲಿ, ಅಂದರೆ ಪುಡಿಯನ್ನು ಒದ್ದೆ ಮಾಡಿ ಕಾಳು ಕಟ್ಟುವಾಗ, ಇದು ಹೈಡ್ರೇಟ್ ಆಗುತ್ತದಾ? 40 ಡಿಗ್ರಿ, ಶೇ 75 ತೇವಾಂಶದ ಪೆಟ್ಟಿಗೆಯಲ್ಲಿ ಇಟ್ಟರೆ ಪೌಡರ್ ಪ್ಯಾಟರ್ನ್ (ಪುಡಿಯ ಮೇಲೆ ಎಕ್ಸ್-ರೇ ಬಿಟ್ಟಾಗ ಬರುವ ಪೀಕ್‌ಗಳ ಚಿತ್ರ) ಬದಲಾಗುತ್ತದಾ? ಗದಗಿನ ಬೇಸಿಗೆಯಲ್ಲಿ ಚೆನ್ನಾಗಿದ್ದ ಪುಡಿ ಧಾರವಾಡದ ಜುಲೈಯಲ್ಲೂ ಚೆನ್ನಾಗಿರುತ್ತದೆ ಎಂದು ನಂಬಿ ಕೂರಬೇಡಿ.

ಹೆಜ್ಜೆ 6: ಸಾಲ್ಟ್ ಬೇಕಾ, ಕೋ-ಕ್ರಿಸ್ಟಲ್ ಬೇಕಾ?

ಸ್ಥಿರ ರೂಪ ಚೆನ್ನಾಗಿ ಕರಗುತ್ತದೆ ಎಂದಾದರೆ ಈ ಹೆಜ್ಜೆ ಬಿಟ್ಟು ಮುಂದೆ ಹೋಗಿ. ಕರಗದಿದ್ದರೆ ಜೊತೆಗಾರನನ್ನು ಹುಡುಕಬೇಕು.

ಪಿಕೆಎ ಎಂದರೆ ಪ್ರೋಟಾನ್ ಎಷ್ಟು ಗಟ್ಟಿಯಾಗಿ ಹಿಡಿದಿರುತ್ತದೆ ಎಂದು ಹೇಳುವ ಅಂಕಿ. ಪ್ರತ್ಯಾಮ್ಲದ ಪಿಕೆಎಯಿಂದ ಆಮ್ಲದ ಪಿಕೆಎ ಕಳೆಯಿರಿ. ಉತ್ತರ 3ಕ್ಕಿಂತ ಜಾಸ್ತಿ ಇದ್ದರೆ ಸಾಲ್ಟ್ ಆಗುತ್ತದೆ ಎಂದು ಹೇಳಬಹುದು. ಸೊನ್ನೆಗಿಂತ ಕಡಿಮೆ ಇದ್ದರೆ ಕೋ-ಕ್ರಿಸ್ಟಲ್. ನಡುವೆ ಬಂದರೆ ಎರಡೂ ಆಗಬಹುದು. ಮೊಣಕಾಲಿಗೆ ಹಚ್ಚುವ ನೋವಿನ ಜೆಲ್ ಎಲ್ಲರ ಮನೆಯಲ್ಲೂ ಇರುತ್ತದೆ. ಅದರ ಟ್ಯೂಬ್ ಮೇಲೆ ಡೈಕ್ಲೋಫೆನಾಕ್ ಡೈಎಥೈಲಮೈನ್ ಎಂದು ಬರೆದಿರುತ್ತದೆ. ಡೈಕ್ಲೋಫೆನಾಕ್‌ನ ಪಿಕೆಎ ಸುಮಾರು 4. ಡೈಎಥೈಲಮೈನ್‌ನದು 11ರ ಹತ್ತಿರ. ವ್ಯತ್ಯಾಸ 7. ಅನುಮಾನವೇ ಇಲ್ಲ, ಸಾಲ್ಟ್. ಐಬುಪ್ರೊಫೇನ್ ಮತ್ತು ನಿಕೋಟಿನಮೈಡ್ ತೆಗೆದುಕೊಂಡರೆ ವ್ಯತ್ಯಾಸ ಸೊನ್ನೆಗಿಂತ ಕೆಳಗೆ. ಅವು ಕೋ-ಕ್ರಿಸ್ಟಲ್ ಆಗುತ್ತವೆ.

ಆಗಿದ್ದು ಯಾವುದು ಎಂದು ರಚನೆಯೇ ಹೇಳುತ್ತದೆ. ಕಾರ್ಬಾಕ್ಸಿಲ್ ಗುಂಪಿನ ಎರಡು ಸಿ–ಓ ಬಂಧ ಅಳೆಯಿರಿ. ಒಂದು 1.21, ಇನ್ನೊಂದು 1.31 ಆಂಗ್‌ಸ್ಟ್ರಾಮ್ ಇದ್ದರೆ ಪ್ರೋಟಾನ್ ಇನ್ನೂ ಆಮ್ಲದ ಹತ್ತಿರವೇ ಇದೆ. ಎರಡೂ 1.25ರ ಆಸುಪಾಸು ಇದ್ದರೆ ಅದು ಬಿಟ್ಟುಹೋಗಿದೆ. ಕಾಣದ ಹೈಡ್ರೋಜನ್‌ಗಿಂತ ಈ ಅಳತೆ ನಂಬಿಕೆಗೆ ಯೋಗ್ಯ.

ಕೋ-ಕ್ರಿಸ್ಟಲ್‌ಗೆ ಜೊತೆಗಾರನನ್ನು ಆರಿಸುವಾಗ ಮತ್ತೆ ಒಂಟಿ ಕೈಯೇ ದಾರಿ ತೋರಿಸುತ್ತದೆ. ಕಾರ್ಬಮಾಜೆಪಿನ್ ಜೋಡಿಯ ಹೊರಗೆ ಉಳಿದ ಕೈಯನ್ನು ಸ್ಯಾಕರಿನ್ ಬಂದು ಹಿಡಿಯಿತು. ಒಳಗಿನ ಜೋಡಿ ಮುರಿಯಲಿಲ್ಲ. ನೀರು ಕೂರುವ ಜಾಗದಲ್ಲಿ ನಾವೇ ಆರಿಸಿದ ಅತಿಥಿಯನ್ನು ಕೂರಿಸಿದಂತೆ. ಈ ಕ್ಷೇತ್ರದಲ್ಲಿ ನನಗೆ ಅತಿ ಇಷ್ಟವಾದ ಕೆಲಸಗಳಲ್ಲಿ ಇದೂ ಒಂದು.

ನಮ್ಮ ದೇಶದ ಕಾನೂನಿನ ಒಂದು ಮಾತು. ಪೇಟೆಂಟ್ ಕಾಯ್ದೆಯ 3(ಡಿ) ಪ್ರಕಾರ, ಗೊತ್ತಿರುವ ಔಷಧದ ಹೊಸ ರೂಪ ಪರಿಣಾಮವನ್ನು ಹೆಚ್ಚಿಸದಿದ್ದರೆ ಪೇಟೆಂಟ್ ಸಿಗುವುದಿಲ್ಲ. ಇಮಾಟಿನಿಬ್ ಮೆಸಿಲೇಟ್‌ನ ಬೀಟಾ ಹರಳಿನ ಬಗ್ಗೆ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ಕೊಟ್ಟ ತೀರ್ಪು ಇದರ ಮೇಲೆ ನಿಂತಿದೆ. ರಕ್ತದ ಕ್ಯಾನ್ಸರ್ ಇರುವ ನಮ್ಮ ರೋಗಿಗಳಿಗೆ ಕಡಿಮೆ ಬೆಲೆಯ ಗುಳಿಗೆ ಸಿಗುವ ದಾರಿಯನ್ನು ಆ ತೀರ್ಪು ತೆರೆದೇ ಇಟ್ಟಿತು.

ಹೆಜ್ಜೆ 7: ಕೈಯಲ್ಲಿರುವ ಪುಡಿ ಅದೇ ರೂಪವೇ?

ಒಂದು ಹರಳಿನ ರಚನೆ ಆ ಒಂದು ಹರಳಿನದು. ನಿಮ್ಮ ಚೀಲದಲ್ಲಿರುವುದು ಕೋಟ್ಯಂತರ ಹರಳು. ಆದ್ದರಿಂದ ಸಿಫ್ ಫೈಲ್‌ನಿಂದ ಪೌಡರ್ ಪ್ಯಾಟರ್ನ್ ಲೆಕ್ಕ ಹಾಕಿಸಿ. ತರಂಗಾಂತರ 1.5406 ಆಂಗ್‌ಸ್ಟ್ರಾಮ್ ಇಡಿ, ನಮ್ಮ ಲ್ಯಾಬ್‌ಗಳ ತಾಮ್ರದ ಟ್ಯೂಬ್‌ಗೆ ಅದೇ ಸರಿ. ಅದನ್ನು ಪುಡಿಯ ಅಳತೆಯ ಮೇಲೆ ಇಟ್ಟು ನೋಡಿ. ಪ್ಯಾರಾಸಿಟಮಾಲ್‌ನ ಮೊದಲ ರೂಪ ಆದರೆ 15.5, 18.2, 23.5, 24.4, 26.5 ಡಿಗ್ರಿಗಳ ಹತ್ತಿರ ಪೀಕ್ ಬರುತ್ತವೆ. ಅಂಗಡಿಯ ಗುಳಿಗೆ ಪುಡಿಮಾಡಿ ಅಭ್ಯಾಸ ಮಾಡಬಹುದು.

ಇಲ್ಲಿ ಇಬ್ಬರು ಮೋಸಗಾರರು. ಒಬ್ಬ, ಮತ್ತೆ ಉಷ್ಣಾಂಶ. ತಂಪಿನಲ್ಲಿ ಒಂದು ದಿಕ್ಕಿಗೆ ಶೇ 1ರಷ್ಟು ಕುಗ್ಗಿದರೂ 25 ಡಿಗ್ರಿ ಹತ್ತಿರದ ಪೀಕ್ ಸುಮಾರು 0.25 ಡಿಗ್ರಿ ಮೇಲಕ್ಕೆ ಸರಿಯುತ್ತದೆ. ಎಲ್ಲ ಪೀಕ್‌ಗಳೂ ಒಂದೇ ಕಡೆ ಸರಿದಿದ್ದರೆ ಮೊದಲು ಫೈಲ್‌ನ ಉಷ್ಣಾಂಶ ನೋಡಿ. ಹೊಸ ರೂಪ ಸಿಕ್ಕಿತು ಎಂದು ಗೈಡ್‌ಗೆ ಫೋನ್ ಮಾಡುವುದು ಆಮೇಲೆ. ಇನ್ನೊಬ್ಬ, ಹರಳಿನ ಆಕಾರ. ತಟ್ಟೆಯಂಥ ಅಥವಾ ಸೂಜಿಯಂಥ ಹರಳು ಹೋಲ್ಡರ್‌ನಲ್ಲಿ ಒಂದೇ ಕಡೆ ಮಲಗುತ್ತದೆ. ಆಗ ಒಂದು ಪೀಕ್ ಆಕಾಶಕ್ಕೆ ಏರಿ, ಉಳಿದವು ಮಾಯವಾಗುತ್ತವೆ. ಮೆಲ್ಲಗೆ ಅರೆದು ಮತ್ತೆ ಅಳೆಯಿರಿ. ಜೋರಾಗಿ ಅರೆದರೆ ರೂಪವೇ ಬದಲಾಗಬಹುದು.

ಜಾಗ ಹೊಂದಿದರೆ ಸಾಕು, ಎತ್ತರ ಹೊಂದಬೇಕಿಲ್ಲ. ಆದರೆ ಲೆಕ್ಕದಲ್ಲಿ ಇಲ್ಲದ ಒಂದು ಸಣ್ಣ ಪೀಕ್ ಇದ್ದರೂ ಬಿಡಬೇಡಿ.

ಹೆಜ್ಜೆ 8: ಕಲಕಿ ಕೇಳುವುದು

ಇಷ್ಟೆಲ್ಲ ಆದಮೇಲೆ ನಿಮ್ಮ ಹತ್ತಿರ ಒಂದು ಅಂದಾಜು ಇರುತ್ತದೆ. ಅದನ್ನು ದ್ರಾವಣದ ಮುಂದೆ ಇಟ್ಟು ಪರೀಕ್ಷಿಸಬೇಕು. ಎರಡೂ ರೂಪವನ್ನು ಸಮ ತೂಕದಲ್ಲಿ ತೆಗೆದುಕೊಳ್ಳಿ. ಔಷಧ ಸ್ವಲ್ಪ ಮಾತ್ರ ಕರಗುವ ದ್ರಾವಕದಲ್ಲಿ ಹಾಕಿ, ಪುಡಿ ತೇಲುತ್ತಿರುವಂತೆ ಕಲಕುತ್ತ ಇಡಿ. 5, 25, 50 ಡಿಗ್ರಿಗಳಲ್ಲಿ ಒಂದೊಂದು ಬಾಟಲಿ. ಸ್ಥಿರವಲ್ಲದ್ದು ನಿಧಾನಕ್ಕೆ ಕರಗಿ, ಸ್ಥಿರವಾದದ್ದು ಬೆಳೆಯುತ್ತದೆ. ದಿನ ಬಿಟ್ಟು ದಿನ ಸ್ವಲ್ಪ ತೆಗೆದು ಪೌಡರ್ ಪ್ಯಾಟರ್ನ್ ನೋಡಿ. 5 ಡಿಗ್ರಿಯಲ್ಲಿ ಗೆದ್ದ ರೂಪ, 50ರಲ್ಲಿ ಗೆದ್ದ ರೂಪ ಬೇರೆ ಬೇರೆಯಾದರೆ ನಡುವೆ ಎಲ್ಲೋ ಬದಲಾಗುವ ಗೆರೆ ಇದೆ. ಆ ಗೆರೆ ನಿಮ್ಮ ಡ್ರೈಯರ್ ಉಷ್ಣಾಂಶದ ಹತ್ತಿರ ಬಂದರೆ ಬಹಳ ಜೋಪಾನ.

ಒಂಟಿ ಕೈ ಇದ್ದ ಪದಾರ್ಥಕ್ಕೆ ಇನ್ನೊಂದು ಸಾಲು ಬಾಟಲಿ ಬೇಕು. ಎಥನಾಲ್‌ಗೆ ನೀರನ್ನು ಸ್ವಲ್ಪ, ಇನ್ನಷ್ಟು, ಮತ್ತಷ್ಟು ಬೆರೆಸಿ ಇಡಿ. ಎಷ್ಟು ನೀರಿಗೆ ಹೈಡ್ರೇಟ್ ಬರುತ್ತದೆ ಎಂಬುದರಿಂದ ಎಷ್ಟು ತೇವದ ಗಾಳಿಗೆ ಅದು ಹೆದರಬೇಕು ಎಂದು ತಿಳಿಯುತ್ತದೆ. ಹುಬ್ಬಳ್ಳಿಯಲ್ಲಿ ಕರೆಂಟ್ ಹೋಗಿ ಕಲಕುವ ಯಂತ್ರ ನಿಂತರೆ ಆ ಹೊತ್ತನ್ನೂ ಬರೆದಿಡಿ. ಪ್ರತಿ ಬಾಟಲಿಯ ಮೇಲೆ ದಿನಾಂಕ, ಕೋಣೆಯ ಉಷ್ಣಾಂಶ, ತೇವಾಂಶ ಇರಲಿ. ನನ್ನ ಏಪ್ರಿಲ್ ಮತ್ತು ಆಗಸ್ಟ್ ಬಾಟಲಿಗಳ ಮೇಲೆ ಆ ಮೂರನೇ ಅಂಕಿ ಬರೆದಿದ್ದರೆ ಮೂರು ವಾರ ಉಳಿಯುತ್ತಿತ್ತು.

ಯಾವುದೋ ಒಂದು ಬಾಟಲಿಯಿಂದ ನಿಮ್ಮ ಪಟ್ಟಿಯ ಯಾವ ಫೈಲ್‌ಗೂ ಹೊಂದದ ಪ್ಯಾಟರ್ನ್ ಬಂದರೆ ಆ ಬಾಟಲಿ ಚೆಲ್ಲಬೇಡಿ. ಬಾಯಿ ಮುಚ್ಚಿ, ಬೇರೆ ಕೋಣೆಗೆ ಒಯ್ಯಿರಿ. ಅದರ ಒಂದು ಕಣ ಹಾರಿ ಬಿದ್ದರೂ ಉಳಿದ ಬಾಟಲಿಗಳಿಗೆ ಬೀಜ ಬಿತ್ತಿದಂತೆ. ಅದರಿಂದ ಒಂದು ಒಳ್ಳೆಯ ಹರಳು ಬೆಳೆಸಿ, ಅಳೆಸಿ, ಕೆಂಪು-ನೀಲಿ ಪೆನ್ಸಿಲ್ ಹಿಡಿದು ಮೂರನೇ ಹೆಜ್ಜೆಯಿಂದ ಮತ್ತೆ ಶುರುಮಾಡಿ.